ಭಾರ ಅವನಿಗೆ, ಬಿತ್ತನೆ ನಮಗೆ

ಅಸುಂಡಿಯಲ್ಲಾಗಲಿ ಮುಂಡರಗಿಯಲ್ಲಾಗಲಿ, ಕಷ್ಟ ಬಂದ ಮನೆಯ ಕಟ್ಟೆಯ ಮೇಲೆ ಕೂತವರು ಎದ್ದು ಹೋಗುವಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ದೇವರ ಮ್ಯಾಲೆ ಭಾರ ಹಾಕ್ರಿ, ಎಲ್ಲಾ ಚೊಲೋ ಆಗ್ತೈತಿ.’ ಉಳ್ಳಾಗಡ್ಡಿ ಧಾರಣಿ ಬಿದ್ದು, ಗದಗಿನ ಎಪಿಎಂಸಿಯಿಂದ ಟ್ರ್ಯಾಕ್ಟರ್ ಬಾಡಿಗೆಯೂ ಹುಟ್ಟದೆ ಮರಳಿದವನಿಗೆ ಈ ಮಾತು ಸಿಗುತ್ತದೆ. ಗಂಡನನ್ನು ಮಣ್ಣು ಮಾಡಿ ಬಂದವಳಿಗೂ ಸಿಗುತ್ತದೆ, ಮೂರನೆಯ ಸಲ ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ ಸಿಗುತ್ತದೆ. ಆದರೆ ಕೇಳಿದವರೆಲ್ಲರ ಮೇಲೆ ಅದು ಒಂದೇ ಥರ ಕೆಲಸ ಮಾಡುವುದಿಲ್ಲ. ಒಬ್ಬರು ಕಣ್ಣೊರೆಸಿಕೊಂಡು ಮರುದಿನ ಹೊಲಕ್ಕೆ ಹೋಗುತ್ತಾರೆ. ಇನ್ನೊಬ್ಬರು ಅದೇ ಮಾತನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಡುತ್ತಾರೆ. ಮತ್ತೊಬ್ಬರು, ಹೇಳುವವರಿಗೇನು, ಎಂದು ಒಳಗೇ ಕುದಿಯುತ್ತಾರೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ದೇವರಿದ್ದಾನೋ ಇಲ್ಲವೋ ಎಂಬ ತರ್ಕ ಈ ಅಂಕಣದ ಕೆಲಸವಲ್ಲ. ನಮ್ಮ ಸೀಮೆಯ ಬಹಳಷ್ಟು ಮಂದಿ ಅವನನ್ನು ನಂಬಿಯೇ ದಿನ ತೆಗೆಯುತ್ತಾರೆ. ಆ ನಂಬಿಕೆ ಯಾವಾಗ ಮನುಷ್ಯನನ್ನು ಎಬ್ಬಿಸುತ್ತದೆ, ಯಾವಾಗ ಕೂರಿಸುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಗದಗಿನ ಸುತ್ತಲಿನ ನೆಲವೂ ಇತಿಹಾಸವೂ ಇದಕ್ಕೆ ಬೇಕಾದಷ್ಟು ಉತ್ತರ ಇಟ್ಟುಕೊಂಡಿವೆ.

ಮೊದಲು ನೆಲವನ್ನೇ ನೋಡೋಣ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಹೇಳಿದ ಹೊತ್ತಿಗೆ ಬೀಳುವ ಮಳೆಯಲ್ಲ. ಎರಿ ಹೊಲದ ರೈತ ಮಿರಗ, ಆರಿದ್ರಾ ಮಳೆ ನೋಡಿಕೊಂಡು ಹೆಸರು ಬಿತ್ತುತ್ತಾನೆ. ಎರಡು, ಎರಡೂವರೆ ತಿಂಗಳಿಗೆ ಅದು ಕೈಗೆ ಬಂದರೆ ಅದೇ ಹೊಲವನ್ನು ಹಸನು ಮಾಡಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಹಾಕುತ್ತಾನೆ. ಮುಂಗಾರು ಕೈಕೊಟ್ಟ ವರ್ಷ ಹೆಸರು ಗೇಣುದ್ದ ಬೆಳೆದು ಬಾಡುತ್ತದೆ. ಆಗ ಅವನು ಮಾಡುವ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು: ತಾನೇ ಬಿತ್ತಿದ ಬೆಳೆಯನ್ನು ತಾನೇ ಹರಗಿಬಿಡುತ್ತಾನೆ. ಹೊಲ ತೆರವಾಗಬೇಕು, ಇನ್ನು ಬರುವ ಹನಿಯಾದರೂ ನೆಲದೊಳಗೆ ನಿಲ್ಲಬೇಕು ಎಂಬುದು ಅದರ ಲೆಕ್ಕ. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುವ ಮಣ್ಣು. ಹುಬ್ಬಿ, ಉತ್ತರಿ ಮಳೆ ಸರಿಯಾಗಿ ಸುರಿದರೆ ಕಡಲೆ ಆ ಹಸಿಯ ಮೇಲೆಯೇ, ಚಳಿಗಾಲದ ಮಂಜಿನ ಮೇಲೆಯೇ ಬೆಳೆದುಬಿಡುತ್ತದೆ.

ಹಿಂಗಾರು ಬಂದರೂ ಹೋದ ಹೆಸರು ಮರಳಿ ಬರುವುದಿಲ್ಲ. ಬರುವುದು ಬೇರೆ ಬೆಳೆ. ಅದಕ್ಕೆ ಬೇರೆ ಬೀಜ ಬೇಕು, ಬೇರೆ ಬೆಲೆ ಸಿಗುತ್ತದೆ. ಬಾಡಿದ್ದನ್ನು ಹರಗಲು ಮನಸ್ಸು ಬಾರದೆ, ಇವತ್ತೋ ನಾಳೆಯೋ ಮಳೆಯಾದರೆ ಇದೇ ಚಿಗುರೀತು ಎಂದು ಕಾಯುತ್ತ ಕೂತವನಿಗೆ ಎರಡೂ ತಪ್ಪುತ್ತವೆ. ದೇವರಲ್ಲಿ ಹೊಸ ಆರಂಭ ಬೇಡುವವರ ಕಷ್ಟದ ಮೂಲವೂ ಬಹುಪಾಲು ಇಲ್ಲಿಯೇ ಇದೆ. ನಾವು ಬಾಯಲ್ಲಿ ಹೊಸದನ್ನು ಕೇಳುತ್ತೇವೆ, ಮನಸ್ಸಿನಲ್ಲಿ ಹಳೆಯದನ್ನೇ ವಾಪಸು ಕೇಳುತ್ತಿರುತ್ತೇವೆ.

ಹರಕೆಗೂ ನಂಬಿಕೆಗೂ ಇರುವ ಅಂತರ ಇದೇ. ಮಗನಿಗೆ ನೌಕರಿಯಾದರೆ ದೀಡ ನಮಸ್ಕಾರ, ಕೋರ್ಟಿನ ವ್ಯಾಜ್ಯ ನಮ್ಮಂತೆ ಆದರೆ ಬೆಳ್ಳಿ ಕಣ್ಣು, ಎಮ್ಮೆ ಬದುಕಿದರೆ ಗುಡ್ಡಕ್ಕೆ ನಡೆದು ಹೋಗುವುದು, ಹೀಗೆ ಹರಕೆಗೆ ಒಂದು ‘ಆದರೆ’ ಇರುತ್ತದೆ. ಶಿರಹಟ್ಟಿಯ ಫಕೀರೇಶ್ವರನಿಗೂ ಲಕ್ಷ್ಮೇಶ್ವರದ ಸೋಮೇಶ್ವರನಿಗೂ ಅಲ್ಲಿಯೇ ಇರುವ ದೂದಪೀರಾಂ ದರ್ಗಾಕ್ಕೂ ನಮ್ಮ ಜನ ಜಾತಿ-ಮತ ನೋಡದೆ ಹರಕೆ ಹೊತ್ತುಕೊಂಡು ಬಂದಿದ್ದಾರೆ. ಅದನ್ನು ಮೂಢತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಏನೂ ಕೈಯಲ್ಲಿಲ್ಲದವನಿಗೆ ಹರಕೆ ಒಂದು ಕೆಲಸ ಕೊಡುತ್ತದೆ, ಒಂದು ಗಡುವು ಕೊಡುತ್ತದೆ, ಹೇಳಿಕೊಳ್ಳಲು ಒಂದು ಬಾಗಿಲು ಕೊಡುತ್ತದೆ. ಅದಕ್ಕೆ ಒಂದು ಮಿತಿ ಮಾತ್ರ ಇದೆ. ಯಾವ ಬಾಗಿಲು ತೆರೆಯಬೇಕೆಂದು ಹರಕೆ ಹೊತ್ತವನು ಮೊದಲೇ ಗೊತ್ತುಮಾಡಿರುತ್ತಾನೆ. ಆ ಬಾಗಿಲು ತೆರೆಯದಿದ್ದರೆ ದೇವರೂ ಕೈಬಿಟ್ಟ ಎಂದು ಕುಸಿಯುತ್ತಾನೆ. ನಂಬಿಕೆ ಆ ಗೊತ್ತುಮಾಡುವ ಹಕ್ಕನ್ನು ಬಿಟ್ಟುಕೊಡುತ್ತದೆ. ನಾನು ಕೇಳಿದ್ದು ಸಿಗಲಿಕ್ಕಿಲ್ಲ, ಆದರೆ ಮುಂದೆ ಮಾಡಲು ಏನಾದರೂ ಇದ್ದೇ ಇದೆ ಎಂಬ ಧೈರ್ಯ ಅದು.

ಆ ಧೈರ್ಯ ಬದುಕಿನಲ್ಲಿ ಹೇಗಿರುತ್ತದೆ ಎಂದು ಕೇಳಿದರೆ ಗದಗಿನ ಪಕ್ಕದ ಲಕ್ಕುಂಡಿಯನ್ನು ತೋರಿಸಬಹುದು. ಸಾವಿರ ವರ್ಷದ ಹಿಂದೆ ಚಾಲುಕ್ಯರ ಆಳಿಕೆಯಲ್ಲಿ ಮಲ್ಲಪ ಎಂಬವನ ಹೆಣ್ಣುಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ನಾಗದೇವ ಎಂಬವನನ್ನು ಮದುವೆಯಾಗಿದ್ದರು. ನಾಗದೇವ ಯುದ್ಧದಲ್ಲಿ ಸತ್ತ. ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕನ ಮಡಿಲಲ್ಲಿ ಮಗು ಅಣ್ಣಿಗ ಇದ್ದ, ಅವಳು ಉಳಿದಳು. ಒಮ್ಮೆಗೇ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಹೆಂಗಸಿಗೆ ಆ ಕಾಲ ಇಟ್ಟಿದ್ದ ಜಾಗ ಮನೆಯ ಕತ್ತಲ ಮೂಲೆ. ಅತ್ತಿಮಬ್ಬೆ ಅಲ್ಲಿ ಕೂರಲಿಲ್ಲ. ಪೊನ್ನನ ‘ಶಾಂತಿಪುರಾಣ’ ಹಾಳಾಗಿ ಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿಕೊಟ್ಟಳು. ರನ್ನನಿಗೆ ಆಸರೆಯಾಗಿ ನಿಂತಳು; ಅವನ ‘ಅಜಿತಪುರಾಣ’ 993ರಲ್ಲಿ ಮುಗಿಯಿತು. 1007ರ ಹೊತ್ತಿಗೆ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇವತ್ತಿಗೂ ನಿಂತಿದೆ. ಲೋಕ ಅವಳನ್ನು ದಾನಚಿಂತಾಮಣಿ ಎಂದು ಕರೆಯಿತು.

ಅತ್ತಿಮಬ್ಬೆ ಜೈನಳು. ಬೇಡಿದ್ದನ್ನು ಕೊಟ್ಟು ಕಾಯುವ, ಲೋಕವನ್ನು ಸೃಷ್ಟಿಸಿದ ದೇವರು ಜೈನಮತದಲ್ಲಿ ಇಲ್ಲ. ಅವಳ ನಂಬಿಕೆ ಜಿನನ ದಾರಿಯ ಮೇಲಿನ ನಂಬಿಕೆ. ಅವಳ ದುಃಖವನ್ನು ಯಾರೂ ಮೇಲಿನಿಂದ ಬಂದು ಎತ್ತಿಕೊಂಡು ಹೋಗಲಿಲ್ಲ. ನಡೆಯಲು ಒಂದು ದಾರಿ ಇತ್ತು, ಅವಳು ನಡೆದಳು. ನಾವು ‘ದೇವರನ್ನು ನಂಬಿ ಮತ್ತೆ ಶುರು ಮಾಡಿದರು’ ಎಂದು ಹೇಳುವ ಬದುಕುಗಳನ್ನು ಬಿಡಿಸಿ ನೋಡಿದರೆ ಬಹಳ ಸಲ ಕಾಣುವುದು ಇದೇ. ನಂಬಿಕೆ ದುಃಖವನ್ನು ಅಳಿಸಿರುವುದಿಲ್ಲ, ದುಃಖ ಇದ್ದ ಹಾಗೆಯೇ ಮಾಡಬಹುದಾದ ಕೆಲಸವನ್ನು ತೋರಿಸಿರುತ್ತದೆ.

ಗದಗು ಎಂದಾಕ್ಷಣ ನಾಡಿನ ಯಾವ ಮೂಲೆಯವರಿಗೂ ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಅದರ ಕತೆ ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇವೆ. ಆದರೆ ನಾವು ನೆನಪಿಟ್ಟುಕೊಂಡಿರುವುದು ಪವಾಡದ ಭಾಗವನ್ನು, ಮರೆತಿರುವುದು ಲೆಕ್ಕದ ಪುಸ್ತಕದ ಭಾಗವನ್ನು.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲಿನ ಹೆಸರು ಗದಿಗೆಯ್ಯ. ಹುಟ್ಟುಗುರುಡು, ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳಿದ್ದರೆ ಆ ಕಾಲದ ಊರು ‘ಕರ್ಮ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಹಾಗೆ ಮಾಡಲಿಲ್ಲ. 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ ಕಟ್ಟಿದ ಈ ಸ್ವಾಮಿಗಳು ಹುಡುಗರ ಕಂಠ ಕೇಳಿದರು, ಪಾಠಕ್ಕೆ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಕರ್ನಾಟಕ ಸಂಗೀತ ಕಲಿತರು, ಮುಂದೆ ನೀಲಕಂಠಬುವಾ ಮಿರಜಕರರ ಬಳಿ ಹಿಂದೂಸ್ತಾನಿ ಕಲಿತರು. ಎರಡೂ ಪದ್ಧತಿಯಲ್ಲಿ ಪಳಗಿದ ಮೇಲೆ ತಮ್ಮ ಹಾಗೆಯೇ ಕಣ್ಣಿಲ್ಲದ, ತಂದೆ-ತಾಯಿ ಇಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಾಗುವ ಸಂಗೀತ ಪಾಠಶಾಲೆ ನಡೆಸಿದರು. ಬೆನ್ನಿಗಿದ್ದ ಗುರು 1930ರಲ್ಲಿ ಲಿಂಗೈಕ್ಯರಾದರು. ಶಿಷ್ಯರ ದಂಡು ದೊಡ್ಡದಿತ್ತು, ಜೋಳಿಗೆ ಸಣ್ಣದಿತ್ತು. ಆದರೂ ಪಾಠಶಾಲೆ ನಿಲ್ಲಲಿಲ್ಲ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರು ನೆಲೆ ಒದಗಿಸಿದರು. ‘ವೀರೇಶ್ವರ’ ಎಂಬ ಹೆಸರು ಆಶ್ರಮಕ್ಕೆ ಬಂದದ್ದು ಆ ದಾನಿಯಿಂದ.

1944ರ ಜೂನ್‌ನಲ್ಲಿ ಪಂಚಾಕ್ಷರಿ ಗವಾಯಿಗಳೂ ಹೋದರು. ಆಶ್ರಮ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿದ ಅವರಿಗೆ ಆಗ 30 ವರ್ಷ. ಎಳೆಗೂಸಾಗಿದ್ದಾಗಲೇ ಕಣ್ಣು ಹೋಗಿತ್ತು, ತಂದೆಯೂ ಇರಲಿಲ್ಲ. ಆಗ ಮುಂದಿದ್ದ ಪ್ರಶ್ನೆ ಅಧ್ಯಾತ್ಮದ್ದಾಗಿರಲಿಲ್ಲ, ಒಲೆಯದ್ದಾಗಿತ್ತು: ಇಷ್ಟು ಮಕ್ಕಳಿಗೆ ನಾಳೆ ಬೆಳಿಗ್ಗೆ ರೊಟ್ಟಿ ಎಲ್ಲಿಂದ? ಅದಕ್ಕೆ ಉತ್ತರವಾಗಿ ಬೆಳೆದದ್ದು ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳವರ ನಾಟ್ಯಸಂಘ. ಕಣ್ಣಿಲ್ಲದ ಸನ್ಯಾಸಿ ನಾಟಕ ಬರೆದು, ರಾಗ ಹಾಕಿ, ಕಂಪನಿ ಕಟ್ಟಿ, ಊರೂರಿನ ಜಾತ್ರೆಯಲ್ಲಿ ಟೆಂಟು ಹೊಡೆದು ಟಿಕೆಟ್ ಮಾರಿಸಿದ್ದು ಆಶ್ರಮದ ಅಡುಗೆಮನೆ ನಡೆಯಬೇಕೆಂದು. ನಂತರದ ದಿನಗಳಲ್ಲಿ ಭಕ್ತರು ಅವರಿಗೆ ಮಾಡಿದ ತುಲಾಭಾರಗಳ ನಾಣ್ಯವೂ ಅದೇ ಒಲೆಗೆ ಹೋಯಿತು.

ಆ ಒಲೆಯ ಅನ್ನ ಉಂಡವರ ಪಟ್ಟಿ ದೊಡ್ಡದು. ಯಲಿವಾಳದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಿಂದ ಬಂದ ವೆಂಕಟೇಶಕುಮಾರ್ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದು ಕಲಿತವರು. ಹೆಸರು ಮಾಡಿದ ಇವರಿಗಿಂತ ಹೆಸರಾಗದವರ ಸಂಖ್ಯೆ ಬಹಳ ಹೆಚ್ಚು: ಶಾಲೆಯ ಸಂಗೀತ ಮೇಷ್ಟ್ರು, ಪುರಾಣ ಪ್ರವಚನದ ಹಾರ್ಮೋನಿಯಂ ವಾದಕರು, ಭಜನಾ ಮೇಳದ ತಬಲಾದವರು, ಕೀರ್ತನಕಾರರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣದ ಪುರಾಣಕ್ಕೆ ಬಂದು ನುಡಿಸುವ ಅಂಧ ಕಲಾವಿದರನ್ನು ಕೇಳಿ ನೋಡಿ. ‘ಪುಣ್ಯಾಶ್ರಮದಾಗ ಕಲ್ತೀನ್ರಿ’ ಎಂಬ ಉತ್ತರ ಎಷ್ಟೋ ಸಲ ಸಿಗುತ್ತದೆ. ಪುಟ್ಟರಾಜರು ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದದ್ದೂ ಇಂಥ ಮಕ್ಕಳಿಗಾಗಿ. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದಾಗ ಗದಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಈ ಗುರು-ಶಿಷ್ಯರ ಪರಂಪರೆಯಲ್ಲಿ ಯಾರಿಗೂ ಕಣ್ಣು ಮರಳಿ ಬರಲಿಲ್ಲ. ಅವರಷ್ಟು ದೇವರನ್ನು ನಂಬಿದವರು ಇನ್ಯಾರಿದ್ದಾರು? ಆದರೂ ಬರಲಿಲ್ಲ. ನಂಬಿದರೆ ಕಳೆದುಕೊಂಡದ್ದು ಸಿಗುತ್ತದೆ ಎಂದು ಹೇಳುವ ಪ್ರವಚನಕಾರರು ಪುಣ್ಯಾಶ್ರಮದ ಮೆಟ್ಟಿಲ ಮೇಲೆ ನಿಂತು ಆ ಮಾತು ಹೇಳಲಾರರು. ಅಲ್ಲಿ ನಂಬಿಕೆ ಎಂದರೆ ಬೆಳಗಿನ ಜಾವ ಎದ್ದು ಷಡ್ಜ ಹಿಡಿಯುವುದು, ಜೋಳಿಗೆ ಹಿಡಿಯಲು ನಾಚದಿರುವುದು, ಟಿಕೆಟ್ಟಿನ ಲೆಕ್ಕ ಬರೆದಿಡುವುದು.

ಇಂಥ ಕತೆ ಹೇಳಿದಾಗ ಒಂದು ಅಪಾಯವೂ ಇದೆ. ಮಹಾತ್ಮರ ಕತೆಯಾಯಿತು, ನಮ್ಮಂಥವರಿಗೇನು ಎನಿಸಬಹುದು. ಅದಕ್ಕೆ ಗದಗ ತಾಲೂಕಿನದೇ ಇನ್ನೊಂದು ಊರು ಕಣಗಿನಹಾಳ ಉತ್ತರ ಕೊಡುತ್ತದೆ. 19ನೇ ಶತಮಾನದ ಕೊನೆ ಈ ಸೀಮೆಗೆ ಕೆಟ್ಟ ಕಾಲ. 1876ರಿಂದ 78ರವರೆಗಿನ ದೊಡ್ಡ ಬರ ಧಾರವಾಡ ಸೀಮೆಯನ್ನು ಬರಿದು ಮಾಡಿತ್ತು. ಅದರ ಗಾಯ ಮಾಯುವ ಮೊದಲೇ 1896-97ರಲ್ಲಿ, ಮತ್ತೆ 1899-1900ರಲ್ಲಿ ಮುಂಬಯಿ ಪ್ರಾಂತಕ್ಕೆ ಬರ ಬಂತು. ಸಾಹುಕಾರನ ಬಡ್ಡಿಯಲ್ಲಿ ಹೊಲ ಕರಗುತ್ತಿದ್ದ ಆ ಹೊತ್ತಿನಲ್ಲಿ ಸರಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರ ಮೇ 8ರಂದು, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ನೋಂದಾಯಿಸಿದರು. ಏಷ್ಯಾದಲ್ಲಿಯೇ ಮೊದಲನೆಯದು ಎಂದು ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಇದ್ದ ನಿಯಮ ಕಠಿಣ. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಎಲ್ಲರೂ ಉತ್ತರ ಹೇಳಬೇಕು. ಬರದಲ್ಲಿ ಸೋತು ಬಂದ ರೈತರು ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆಂದರೆ ಪಕ್ಕದ ಹೊಲದವನ ಮೇಲೆ ಅವರಿಗಿದ್ದ ಭರವಸೆ ಎಂಥದ್ದಿರಬೇಕು! ದೇವರ ಮೇಲೆ ಭಾರ ಹಾಕುವುದು ಸುಲಭ, ಏಕೆಂದರೆ ಅವನು ಸಾಲ ತೀರಿಸದೆ ಓಡಿಹೋಗುವುದಿಲ್ಲ. ನೆರೆಯವನ ಮೇಲೆ ಭಾರ ಹಾಕುವುದು, ಅವನ ಭಾರಕ್ಕೆ ಹೆಗಲು ಕೊಡುವುದು ಅದಕ್ಕಿಂತ ಕಷ್ಟ. ಈ ಎರಡನೆಯ ನಂಬಿಕೆಯ ಕೊರತೆಯಿಂದಲೇ ಎಷ್ಟೋ ಸಲ ಮೊದಲನೆಯ ನಂಬಿಕೆ ಬರಿಮಾತಾಗುತ್ತದೆ. ಕುಮಾರಸ್ವಾಮಿಗಳಿಲ್ಲದೆ ಗದಿಗೆಯ್ಯ ಇಲ್ಲ, ವೀರಪ್ಪನಿಲ್ಲದೆ ಆಶ್ರಮ ಇಲ್ಲ, ಕಂಪನಿ ನಾಟಕ ನೋಡಲು ಎತ್ತಿನ ಗಾಡಿ ಹೂಡಿಕೊಂಡು ಬಂದ ಊರವರಿಲ್ಲದೆ ಅಡುಗೆಮನೆಯ ಒಲೆ ಇಲ್ಲ.

ನಮ್ಮ ಹಿರಿಯರು ಬದುಕಿ ತೋರಿಸಿದ್ದನ್ನು ಈಚಿನ ಮನಶ್ಶಾಸ್ತ್ರ ತನ್ನ ದಾರಿಯಲ್ಲಿ ಹುಡುಕಿ ನೋಡಿದೆ. ಅಮೆರಿಕದ ಕೆನೆತ್ ಪಾರ್ಗಮೆಂಟ್ ಎಂಬ ವಿದ್ವಾಂಸ ಕಷ್ಟದಲ್ಲಿ ಜನ ದೇವರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. 1988ರಲ್ಲಿ ಅವರೂ ಅವರ ಸಂಗಡಿಗರೂ ಮೂರು ರೀತಿಗಳನ್ನು ಗುರುತಿಸಿದರು. ಮೊದಲನೆಯವರು, ದೇವರು ಬುದ್ಧಿ ಕೊಟ್ಟಿದ್ದಾನೆ, ಉಳಿದದ್ದು ನನ್ನ ಕೆಲಸ ಎನ್ನುವವರು. ಎರಡನೆಯವರು ಎಲ್ಲವನ್ನೂ ಅವನಿಗೆ ಬಿಟ್ಟು ಕಾಯುವವರು. ಮೂರನೆಯವರು, ಅವನೂ ನಾನೂ ಕೂಡಿ ಇದನ್ನು ನಿಭಾಯಿಸಬೇಕು ಎನ್ನುವವರು. ಎಲ್ಲವನ್ನೂ ಬಿಟ್ಟು ಕಾಯುವ ರೀತಿ ಸಾಮರ್ಥ್ಯದ ಕೊರತೆಯ ಜೊತೆಗೂ, ಕೂಡಿ ನಿಭಾಯಿಸುವ ರೀತಿ ತನ್ನ ಕೈಯಲ್ಲಿ ಆಗುತ್ತದೆ ಎಂಬ ಆತ್ಮವಿಶ್ವಾಸದ ಜೊತೆಗೂ ಕಾಣಿಸಿಕೊಂಡವು. ಕಟ್ಟೆಯ ಮೇಲಿನ ಒಂದೇ ಮಾತಿಗೆ ಒಬ್ಬ ಏಳುತ್ತಾನೆ, ಇನ್ನೊಬ್ಬ ಮಲಗುತ್ತಾನೆ ಎಂದೆವಲ್ಲ, ಅದರ ಒಂದು ವಿವರಣೆ ಇದು. ಈ ಮೂರನೆಯ ರೀತಿ ನಮ್ಮವರಿಗೆ ಹೊಸದೇನಲ್ಲ: ಒಂಟೆಯನ್ನು ಕಟ್ಟಿ ದೇವರನ್ನು ನಂಬಲೋ, ಕಟ್ಟದೆ ನಂಬಲೋ ಎಂದು ಕೇಳಿದವನಿಗೆ ಪ್ರವಾದಿಗಳು ಮೊದಲು ಕಟ್ಟು, ಆಮೇಲೆ ನಂಬು ಎಂದರೆಂಬ ಪ್ರಸಂಗ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಪಾರ್ಗಮೆಂಟ್ ತಂಡದ ಇನ್ನೊಂದು ಅಧ್ಯಯನ 2001ರಲ್ಲಿ ಬಂತು. 55 ವರ್ಷ ದಾಟಿದ ಸುಮಾರು 600 ಆಸ್ಪತ್ರೆ ರೋಗಿಗಳನ್ನು ಎರಡು ವರ್ಷ ಗಮನಿಸಿದಾಗ, ದೇವರು ನನ್ನನ್ನು ಕೈಬಿಟ್ಟಿದ್ದಾನೆ, ನನ್ನ ಮೇಲೆ ಅವನಿಗೆ ಪ್ರೀತಿಯಿಲ್ಲ ಎಂಬ ಭಾವ ಹೊತ್ತವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಅಂದರೆ ದೇವರ ಕುರಿತ ನಂಬಿಕೆ ಯಾವಾಗಲೂ ಮದ್ದಲ್ಲ, ವಿಷವೂ ಆಗಬಲ್ಲದು. ನಮ್ಮ ಊರುಗಳಲ್ಲಿ ಈ ವಿಷವನ್ನು ನಾವೇ ಸಲೀಸಾಗಿ ಹಂಚುತ್ತೇವೆ. ‘ಹಿಂದಿನ ಜನ್ಮದಾಗ ಏನ್ ಮಾಡಿದ್ದಿಯೋ’, ‘ಮನಿ ದೇವ್ರಿಗೆ ನಡಕೊಳ್ಳಲಿಲ್ಲ, ಅದಕ್ಕ ಹಿಂಗಾತು’, ‘ಸೊಸಿ ಕಾಲ್ಗುಣ’. ಇವು ಕೊಳ್ಳಿ ಇಟ್ಟ ಮನೆಗೆ ಎಣ್ಣೆ ಸುರಿಯುವ ಮಾತುಗಳು. ಸೋತವನಿಗೆ ಮೊದಲು ಬೇಕಾದದ್ದು ಹೊರೆ ಇಳಿಸುವ ದೇವರು. ಇಂಥ ಮಾತು ಆಡುವವರು ತಪ್ಪಿನ ಪಟ್ಟಿ ಓದುವ ದೇವರನ್ನು ಕರೆತರುತ್ತಾರೆ.

ಅಳುವುದಕ್ಕೂ ನಂಬಿಕೆಯೊಳಗೆ ಜಾಗ ಇರಬೇಕು. ‘ಅಳಬ್ಯಾಡ, ದೇವರಿದ್ದಾನ’ ಎಂದು ಬಾಯಿ ಮುಚ್ಚಿಸುವುದು ಸಮಾಧಾನವಲ್ಲ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರ ಕಾಲದಿಂದ ಇಲ್ಲಿಯ ಕ್ರೈಸ್ತರು ಓದುತ್ತ ಬಂದಿರುವ ಬೈಬಲ್ಲಿನಲ್ಲಿ ‘ಪ್ರಲಾಪಗಳು’ ಎಂಬ ಪುಟ್ಟ ಪುಸ್ತಕವಿದೆ. ಜೆರುಸಲೇಮ್ ಸುಟ್ಟು ಬೂದಿಯಾದ ಮೇಲಿನ ಗೋಳು ಅದು. ದೇವರ ಕರುಣೆ ದಿನ ದಿನವೂ ಹೊಸದಾಗುತ್ತದೆ ಎಂಬ ಭರವಸೆ ಬರುವುದು ಆ ಗೋಳಿನ ನಟ್ಟನಡುವೆ, ಐದರಲ್ಲಿ ಮೂರನೆಯ ಅಧ್ಯಾಯದಲ್ಲಿ. ಅದಾದ ಮೇಲೂ ಅಳು ಮುಂದುವರಿಯುತ್ತದೆ. ನಮ್ಮ ಹಳ್ಳಿಗಳ ಮೊಹರಂನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುವ ರಿವಾಯತ್ ಪದಗಳೂ ಶೋಕವನ್ನು ಸಾರ್ವಜನಿಕವಾಗಿ ಒಪ್ಪಿಕೊಳ್ಳುವ ಪದ್ಧತಿಯೇ. ಅತ್ತವರು ಮಾತ್ರ ಹರಗಲು ಸಿದ್ಧರಾಗುತ್ತಾರೆ. ಅಳದೆ ಅದುಮಿಟ್ಟವರು ಬಾಡಿದ ಬೆಳೆಯ ನಡುವೆಯೇ ನಿಂತಿರುತ್ತಾರೆ.

ಇಷ್ಟಾದರೂ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಹಿಂಗಾರೂ ಹೋದರೆ? ಎಪ್ಪತ್ತೆರಡರ ಬರವನ್ನು ಕಂಡ ಅಜ್ಜ-ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊರದೇಶದ ಕೆಂಪು ಜೋಳದ ರೊಟ್ಟಿ, ಕಲ್ಲು ಒಡೆಯುವ ಕಾಮಗಾರಿ, ಮಾರಲು ಒಯ್ದು ಅರ್ಧ ದಾರಿಯಲ್ಲಿ ಬಿಟ್ಟು ಬಂದ ದನಗಳು ಅವರ ನೆನಪಿನಲ್ಲಿವೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಇಂಥ ವರ್ಷ ಎರಡನೆಯ ಬಿತ್ತನೆಯೂ ನೆಲದಲ್ಲೇ ಸುಡುತ್ತದೆ. ಹಾಗೆ ಎರಡೂ ಬಿತ್ತನೆ ಕಳೆದುಕೊಂಡವನ ಮುಂದೆ ನಿಂತು ‘ನಂಬಿಕೆ ಸಾಲದು’ ಎನ್ನುವುದು ಕ್ರೌರ್ಯ. ನಂಬಿದವನಿಗೆ ಫಲ ಖಚಿತ ಎಂದು ಯಾವ ಗಟ್ಟಿ ಧರ್ಮವೂ ಬರೆದುಕೊಟ್ಟಿಲ್ಲ. ಎರಡು ಸಲ ಸೋತವನಿಗೆ ಮೂರನೆಯ ಸಲ ಬೀಜ ಬೇಕು, ಬೀಜಕ್ಕೆ ದುಡ್ಡು ಬೇಕು, ದುಡ್ಡು ಕೊಟ್ಟವರು ತಡೆದುಕೊಳ್ಳಬೇಕು. ಅಲ್ಲಿಗೆ ವಿಷಯ ಅವನ ಎದೆಯಿಂದ ಹೊರಬಂದು ನಮ್ಮೆಲ್ಲರ ಅಂಗಳಕ್ಕೆ ಬಂತು.

ಹಾಗಾಗಿ ಕಷ್ಟದ ಮನೆಗೆ ಹೋಗುವವರು ದೇವರ ಹೆಸರಿನ ಜೊತೆ ಒಂದೆರಡು ಬೇರೆ ಸಂಗತಿಗಳನ್ನೂ ಒಯ್ಯಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳಿಗೆ ರೈತ ತುಂಬಬೇಕಾದದ್ದು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5 ಮಾತ್ರ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಕೊನೆಯ ದಿನಾಂಕ ದಾಟಿದ ಮೇಲೆ ಯಾವ ಹರಕೆಯೂ ಕೆಲಸಕ್ಕೆ ಬರುವುದಿಲ್ಲ; ದಾಟುವ ಮೊದಲು ನೆನಪಿಸುವ ಒಬ್ಬ ನೆರೆಯವನಿದ್ದರೆ ಸಾಕು. ಸಹಕಾರಿ ಸಂಘದಲ್ಲಿ ಸಾಲದ ಕಂತು ಮುಂದೂಡಿಸಲು ಅರ್ಜಿ ಬರೆಯುವುದಕ್ಕೆ ಓದಿದ ಹುಡುಗ ಅರ್ಧ ಗಂಟೆ ಕೊಟ್ಟರೆ ಸಾಕು. ನಿದ್ದೆ ಬಿಟ್ಟವರು, ಮಾತು ಬಿಟ್ಟವರು, ಬದುಕು ಸಾಕು ಎನ್ನುವವರು ಕಂಡರೆ ದೇವರ ಮೇಲೆ ಭಾರ ಹಾಕಿ ಎಂದು ಎದ್ದು ಬರಬಾರದು. ಪಕ್ಕದಲ್ಲಿ ಕೂತು ಅವರ ಫೋನಿನಿಂದಲೋ ನಮ್ಮ ಫೋನಿನಿಂದಲೋ ಸರಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಬೇಕು, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವೈದ್ಯರ ಬಳಿಗೆ ಹೋಗುವುದು ದೇವರ ಮೇಲಿನ ಅಪನಂಬಿಕೆಯಲ್ಲ.

ದೇವಸ್ಥಾನ, ಮಠ, ಮಸೀದಿ, ಚರ್ಚುಗಳ ಸಮಿತಿಗಳಿಗೂ ಇಲ್ಲಿ ಕೆಲಸವಿದೆ. ಜಾತ್ರೆಯ ಪಟ್ಟಿ ಎತ್ತುವಾಗ, ತೇರಿನ ಖರ್ಚು ಬರೆಯುವಾಗ, ಅದರಲ್ಲಿ ಒಂದು ಸಾಲು ಸೇರಿಸಬಹುದು: ಈ ವರ್ಷ ಊರಿನಲ್ಲಿ ನೆಲಕಚ್ಚಿದ ಮನೆಗಳ ಬಿತ್ತನೆ ಬೀಜಕ್ಕೆ, ವಿಮೆಯ ಕಂತಿಗೆ, ಮಕ್ಕಳ ಪರೀಕ್ಷಾ ಶುಲ್ಕಕ್ಕೆ ಇಷ್ಟು. ಒಂದು ಎಕರೆಯ ಹೆಸರಿಗೆ ರೈತನ ಪಾಲಿನ ವಿಮಾ ಕಂತು ಕೆಲವು ನೂರು ರೂಪಾಯಿಯ ಮಾತು. ಒಂದು ದೊಡ್ಡ ಹೂವಿನ ಹಾರದ ಬೆಲೆ. ಅಂಥ ಸಾಲು ಬರೆಯುವ ಸಮಿತಿಯವರು ‘ದೇವರಿದ್ದಾನ’ ಎಂದು ಹೇಳಿದರೆ ಯಾರೂ ನಗುವುದಿಲ್ಲ, ಯಾರಿಗೂ ಸಿಟ್ಟು ಬರುವುದಿಲ್ಲ. ಬರೆಯದವರು ಸುಮ್ಮನಿದ್ದರೆ ದೇವರ ಮರ್ಯಾದೆಯಾದರೂ ಉಳಿಯುತ್ತದೆ.